ಶಾಂಭವಿಯ ಬೂಷ್ಟು

ಶಾಂಭವಿ ಲಿಂಗೈಕ್ಯಳಾದ ಮೂರನೆಯ ದಿನವೇ ಗಂಡ ವಿರೂಪಾಕ್ಷ ಮಹದೇವಪುರದ ಪ್ರಯೋಗಶಾಲೆಗೆ ಹೋದದ್ದು ಕೆಲವರಿಗೆ ಸರಿಬೀಳಲಿಲ್ಲ. ಲಿಂಗಾಯತರಾದ ತಮ್ಮಲ್ಲಿ ಸೂತಕವಿಲ್ಲವೆಂದು ಎಲ್ಲರಿಗೂ ಯಾರು ಬಿಡಿಸಿ ಹೇಳಬೇಕು? ರಾಮಮೂರ್ತಿ ನಗರದ ಬಾಡಿಗೆ ಮನೆಯಲ್ಲಿ ಲಿಂಗಪೂಜೆ ಮುಗಿದ ಮೇಲೆ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಪ್ರಯೋಗಶಾಲೆಯಲ್ಲಾದರೂ ಅವಳು ಸಾಕಿದ ಜೀವವೊಂದು ಬೆಳೆಯುತ್ತಿತ್ತು.

ಅದೊಂದು ಬೂಷ್ಟು. ಗಂಡ ಹೆಂಡತಿ ಇಬ್ಬರೂ ಅಲ್ಲಿ ಗಾಯದ ಮುಲಾಮಿಗೆಂದು ಒಂದೆಲಗದ ಸಾರ ತೆಗೆಯುತ್ತಿದ್ದರು. ಆ ಸೊಪ್ಪಿನಲ್ಲಿರುವ ಸಾಪೊನಿನ್ ಎಂಬ ಅಂಶ ಅಂಟುವಾಳದ ಹಾಗೆ ನೊರೆಯೇಳುತ್ತದೆ. ಅದಕ್ಕೆ ಅಂಟಿಕೊಂಡಿರುವ ಸಕ್ಕರೆಯ ಸರದಿಂದಲೇ ಆ ನೊರೆ. ಸರ ಕಳಚಿದರೆ ಉಳಿಯುವ ತಿರುಳಿಗೇ ಮದ್ದಿನ ಕಸುವು ಹೆಚ್ಚು. ಸರ ಕಳಚಲೆಂದು ಆಮ್ಲ ಹಾಕಿ ಕುದಿಸಿದರೆ ತಿರುಳೂ ಕೆಡುತ್ತಿತ್ತು. ಹಿಂಡಿ ಬಿಸಾಕಿದ ಸೊಪ್ಪಿನಲ್ಲಿ ಶಾಂಭವಿ ಹುಡುಕಿ ತೆಗೆದ ಈ ಬೂಷ್ಟಿನ ಕಿಣ್ವ ಮಾತ್ರ ಸಕ್ಕರೆಯನ್ನಷ್ಟೇ ನಾಜೂಕಾಗಿ ಬಿಡಿಸುತ್ತಿತ್ತು.

ಆ ವರ್ಷದ ಆಯುಧಪೂಜೆಯ ಮುನ್ನಾದಿನ ವಿರೂಪಾಕ್ಷ ಹೆಂಡತಿಯ ಸಮಾಧಿಗೆ ಹೋಗಿದ್ದ. ಮರುದಿನ ಬಂದು ನೋಡಿದರೆ ಬೂಷ್ಟಿನ ತಟ್ಟೆಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಆರಿತ್ತು, ಒಳಗೆ ಬರಿದು. ಅದರ ಬಾಗಿಲಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಸರ.

"ಮಾನಪ್ಪಾ, ಇದರೊಳಗಿನ ತಟ್ಟೆಗಳೆಲ್ಲಿ?"

"ತಿಕ್ಕಿ ತೊಳದೀನ್ರೀ ಸರ್," ಎಂದ ಸೀಸೆ ತೊಳೆಯುವ ಮಾನಪ್ಪ, ಶಹಬ್ಬಾಸ್‌ಗಿರಿಗೆ ಕಾಯುತ್ತ. "ಎಲ್ಲಾಕ್ಕೂ ಬೂಷ್ಟು ಹತ್ತಿತ್ತು. ಹಬ್ಬದ ದಿನ ಹೊಲಸಿಗೇ ಕುಂಕುಮ ಹಚ್ಲೇನ್ರೀ?"

"ಅದು ನಿಮ್ಮ ಅಕ್ಕೋರು ಸಾಕಿದ್ದು ಕಣೋ."

ಮಾನಪ್ಪನ ಕೈಯ ಮಂಡಕ್ಕಿ ಪೊಟ್ಟಣ ಕೆಳಗೆ ಬಿತ್ತು. "ಗೊತ್ತಿದ್ರ ಮುಟ್ತಿದ್ನೇನ್ರೀ..."

ವಿರೂಪಾಕ್ಷ ಪೊಟ್ಟಣವನ್ನೆತ್ತಿ ಅವನ ಕೈಗಿಟ್ಟ. ಹೊಲಸಿಗೆ ಪೂಜೆ ಮಾಡಬಾರದೆಂದವನ ಮೇಲೆ ಯಾವ ತಪ್ಪು ಹೊರಿಸುವುದು?

ಫ್ರಿಜ್ಜಿನ ಮೂಲೆಯಲ್ಲಿ ಹಳೆಯ ನಳಿಕೆಯೊಂದು ಸಿಕ್ಕಿತು. ಒಳಗೆ ಒಣಗಿ ಸುಕ್ಕಾದ ಬೂಷ್ಟು. ಅದರಲ್ಲೊಂದು ಚೂರು ಕೆದಕಿ ಹೊಸ ತಟ್ಟೆಗಳಿಗೆ ಬಿತ್ತಿದ. ದಿನಗಳು ಹೋದವು, ತಟ್ಟೆಗಳು ಕನ್ನಡಿಯಂತೆ ಖಾಲಿ. ಹೆಂಡತಿಯನ್ನು ಉಳಿಸೆಂದು ಬೇಡಿ ಸೋತ ಬಾಯಿಂದ ಬೂಷ್ಟನ್ನು ಉಳಿಸೆಂದು ಬೇಡಲು ನಾಚಿಕೆಯಾಯಿತು. ಆದರೂ ಅಂಗೈಯ ಲಿಂಗದ ಮುಂದೆ ಬೇಡಿದ.

ಕೊನೆಗೊಂದು ತಟ್ಟೆಯಲ್ಲಿ ಬೆಳ್ಳನೆಯ ನೂಲು ಕಂಡಿತು. ಅವನು ನಂಬಲಿಲ್ಲ. ಬೂಷ್ಟುಗಳು ನೂರೆಂಟು, ಇದು ಅವಳದೇ ಎಂದು ಹೇಗೆ ಹೇಳುವುದು? ಬೆಳೆಸಿ, ಸೋಸಿ, ಕಿಣ್ವ ಇಳಿದ ಆ ನೀರನ್ನು ಒಂದು ನಳಿಕೆಯ ಒಂದೆಲಗದ ಸಾರಕ್ಕೆ ಬೆರೆಸಿ, ಇನ್ನೊಂದರಲ್ಲಿ ಬರಿಯ ಸಾರ ತುಂಬಿ, ಎರಡನ್ನೂ ಬೆಚ್ಚಗಿಟ್ಟ. ಬೆಳಿಗ್ಗೆ ಎರಡು ನಳಿಕೆಗಳನ್ನು ಕುಲುಕಿದ. ಬರಿಯ ಸಾರದ ನಳಿಕೆಯಲ್ಲಿ ನೊರೆ ಬಿರಡೆಯವರೆಗೆ ನಿಂತಿತು. ಕಿಣ್ವ ಬೆರೆಸಿದ್ದರಲ್ಲಿ ಎದ್ದ ನೊರೆ ಹಾಗೇ ಇಳಿದುಹೋಯಿತು. ಸಕ್ಕರೆ ಕಳಚಿತ್ತು.

ಮಾನಪ್ಪ ಕುಣಿದೇಬಿಟ್ಟ. "ಬಂದ್ರು ನೋಡ್ರೀ ಸರ್! ಅಕ್ಕೋರು ತಿರುಗಿ ಬಂದ್ರು!"

ವಿರೂಪಾಕ್ಷ ನಗಲು ಹೋದ. ನಗು ಅರ್ಧಕ್ಕೇ ನಿಂತಿತು.

"ಬೂಷ್ಟು ಬಂತು, ಮಾನಪ್ಪ," ಎಂದ.

ಆಮೇಲೆ ದಿನವಿಡೀ ಹೊಸ ತಟ್ಟೆಗಳಿಗೆ ಒಂದೊಂದಾಗಿ ಬಿತ್ತುತ್ತ ಕೂತ.