ಬಟ್ಟೆ ಒಣಹಾಕುವ ತಂತಿ

ಗಾಳಿ ಬೀಸಿದರೆ ಸಾಕು, ಆ ಓಣಿಯ ದೀಪಗಳು ಕಣ್ಣು ಮಿಟುಕಿಸುತ್ತಿದ್ದವು. ಓಣಿಯ ತುದಿಯ ಮನೆಯಲ್ಲಿ ಬಟ್ಟೆ ತೊಳೆದು ಇಸ್ತ್ರಿ ಮಾಡಿ ಬದುಕುವ ಹೆಂಗಸೊಬ್ಬಳಿದ್ದಳು. ಎಲ್ಲರ ಬಾಯಲ್ಲಿ ಆಕೆ ಇಸ್ತ್ರಿ ಅಕ್ಕ. ಅಂದು ಬೆಳಿಗ್ಗೆ ಅಂಗಿಯ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಿದ್ದಳಷ್ಟೆ, ಕರೆಂಟು ಹೋಯಿತು.

"ಈ ಕರೆಂಟಿನವರ ಮನೆ ಹಾಳಾಗ!"

"ಹಾಗನ್ಬೇಡಿ ಅತ್ತಿಗೆ, ಆ ಮನೇನೂ ಇದೇ," ಎನ್ನುತ್ತ ಒಳಬಂದವನು ಅವಳ ಮೈದುನ, ಲೈನ್‌ಮ್ಯಾನ್. ಹಿತ್ತಲಿನ ಸುಬಾಬುಲ್ ಮರದತ್ತ ಕೈ ತೋರಿಸಿದ. "ನಾಳೆ ಇದನ್ನ ಬುಡಸಮೇತ ತೆಗೀತೀವಿ."

ಆ ಮರವನ್ನು ಯಾರೂ ನೆಟ್ಟಿರಲಿಲ್ಲ. ಎಲ್ಲಿಂದಲೋ ಬಂದ ಬೀಜ ಬೇಲಿಗುಂಟ ಹಬ್ಬಿ, ಬೇರೆ ಗಿಡಗಳ ಕತ್ತು ಹಿಸುಕಿ, ಈಗ ಲೈನಿನ ತಂತಿಗಳ ನಡುವೆ ಕೊಂಬೆ ತೂರಿಸಿತ್ತು.

ತೊಳೆದ ಬಟ್ಟೆಯ ಬುಟ್ಟಿ ಹೊತ್ತು ಹಿತ್ತಲಿಗೆ ಹೊರಟಿದ್ದ ಅವನ ತಾಯಿ, ಇಸ್ತ್ರಿ ಅಕ್ಕನ ಅತ್ತೆ, ಅಲ್ಲೇ ನಿಂತಳು. "ಹೆತ್ತವಳ ತಲೆ ಮೇಲಿನ ನೆರಳು ಕಡಿಯೋಕೆ ನಿಂಗೆ ಸಂಬಳ ಕೊಡ್ತಾರೇನೋ? ವರ್ಷಾ ವರ್ಷಾ ಬರ್ತೀರಿ, ಮರದ ತಲೆ ಬೋಳಿಸ್ತೀರಿ, ಕೊಂಬೆ ದಾರೀಲಿ ಬಿಸಾಕಿ ಹೋಗ್ತೀರಿ."

"ಮೇಲೆ ಬೋಳಿಸಿದ್ದೇ ತಪ್ಪು ಅಮ್ಮ. ಇದು ಒಂದು ಕಡಿದ್ರೆ ಹತ್ತು ಚಿಗುರೋ ಜಾತಿ. ಅದಕ್ಕೇ ಈ ಸಲ ಬೇರೂ ಬಿಡಲ್ಲ."

"ಕಡಿ, ಕಡಿ. ಆಮೇಲೆ ಬಟ್ಟೆ ನಿನ್ನ ನೆತ್ತಿ ಮೇಲೆ ಹರಡ್ತೀನಿ. ಮೊದ್ಲೇ ನನ್ನ ಕೈ ಕೆಟ್ಟು ಕೂತಿದೆ. ಬಟ್ಟೆ ಹಾಕುವಾಗ ಜುಮ್ ಅನ್ನುತ್ತೆ."

ಹಗ್ಗ ಒದ್ದೆ ಚಾದರದ ಭಾರಕ್ಕೆ ಜೋಲುತ್ತದೆಂದು ಈ ಮಳೆಗಾಲಕ್ಕೆ ಮೊದಲು ಅಮ್ಮನೇ ಮರದಿಂದ ಕಿಟಕಿಯ ಸರಳಿಗೆ ಕಬ್ಬಿಣದ ತಂತಿ ಬಿಗಿಸಿದ್ದಳು. ಮಗನ ಕಣ್ಣು ಆ ತಂತಿಯ ಮೇಲೆ ನಿಂತಿತು.

"ಯಾವಾಗ ಜುಮ್ ಅನ್ನುತ್ತೆ?"

"ವಯಸ್ಸಾಯ್ತಲ್ಲಪ್ಪ. ನರದ ಮಾತ್ರೆ ನುಂಗ್ತಿದೀನಿ."

"ಯಾವಾಗ ಅಂತ ಕೇಳ್ದೆ."

"ಮಳೆ ಬಂದು ನಿಂತ ದಿನ."

ಇಸ್ತ್ರಿ ಅಕ್ಕ ಮೆಲ್ಲಗೆ ಬಾಯಿಬಿಟ್ಟಳು. "ನಂಗೂ ಆಗಿದೆ. ಕೆಲಸ ಕದಿಯೋಕೆ ನೆಪ ಅಂತ ಅತ್ತೆ ಬೈತಾರೇನೋ ಅಂತ ಸುಮ್ನಿದ್ದೆ."

ಮಗ ಬುಟ್ಟಿಯನ್ನು ಕಿತ್ತುಕೊಂಡ. "ಯಾರೂ ಹಿತ್ತಲಿಗೆ ಹೋಗ್ಬೇಡಿ. ಆ ಕಿಟಕೀನೂ ಮುಟ್ಬೇಡಿ. ಹೋದ ಕರೆಂಟು ಯಾವ ಗಳಿಗೇಲಾದ್ರೂ ಬರುತ್ತೆ." ಕಚೇರಿಗೆ ಫೋನು ಮಾಡಿ ಲೈನು ಆರಿಸಿಯೇ ಇಡಲು ಹೇಳಿದ. ಬಾಗಿಲಿಂದಲೇ ಮೇಲಿನ ಕೊಂಬೆ ತೋರಿಸಿದ. ಲೈನಿನ ತಂತಿ ತಾಗಿದಲ್ಲಿ ಅದು ಕರಕಲಾಗಿತ್ತು.

"ಒದ್ದೆ ಮರದಲ್ಲಿ ಕರೆಂಟು ಇಳಿಯುತ್ತೆ. ಮರದಿಂದ ನಿನ್ನ ತಂತಿಗೆ, ತಂತಿಯಿಂದ ನಿನ್ನ ಕೈಗೆ. ಇಷ್ಟು ದಿನ ಜುಮ್ ಅಂದು ಬಿಟ್ಟಿದೆ. ಜೋರು ಮಳೇಲಿ ಬಿಡ್ತಿರಲಿಲ್ಲ ಅಮ್ಮ. ನಿನ್ನನ್ನ ಆ ತಂತಿಯಿಂದ ಬಿಡಿಸೋಕೆ ಡ್ಯೂಟಿ ಮೇಲೆ ಬರ್ತಿದ್ದೋನು ನಾನೇ."

ಅಮ್ಮ ತನ್ನ ಅಂಗೈಯನ್ನು ನೋಡಿಕೊಂಡಳು. ಆಮೇಲೆ ಅಂದಳು: "ತೆಗೀರಿ. ಆದ್ರೆ ಒಂದು ಕೊಂಬೇನೂ ದಾರೀಲಿ ಬೀಳಬಾರದು. ನೆರಳಿಗೆ ಬೇರೆ ಗಿಡ ನೆಟ್ಟೇ ಹೋಗ್ಬೇಕು."

"ನೆಡ್ತೀವಿ. ಲೈನಿಂದ ದೂರ, ಎತ್ತರ ಬೆಳೀದಿರೋದು."

ಮರುದಿನ ಲೈನು ಆರಿಸಿ, ಮರ ಉರುಳಿಸಿ, ಬುಡ ಅಗೆದರು. ಬೇಲಿಯಲ್ಲಿ ಮೊಳೆತಿದ್ದ ಅದರ ಸಸಿಗಳನ್ನು ಅಮ್ಮನೇ ಬೇರುಸಹಿತ ಕಿತ್ತಳು. ಎರಡು ಮರದ ಗೂಟಗಳ ನಡುವೆ ನೈಲಾನ್ ಹಗ್ಗ ಕಟ್ಟಿಸಿದಳು.

ಅಕ್ಕಂದಿರೇ, ಅಣ್ಣಂದಿರೇ, ಇಂದೇ ನಿಮ್ಮ ಹಿತ್ತಲಲ್ಲಿ ತಲೆಯೆತ್ತಿ ನೋಡಿ. ಕೊಂಬೆ ಲೈನಿಗೆ ತಾಗುತ್ತಿದ್ದರೆ ಮಚ್ಚು ಹಿಡಿದು ಹತ್ತಬೇಡಿ, ದೋಟಿ ಚಾಚಬೇಡಿ. ಮರದ ಹತ್ತಿರ ಹೋಗದೆ ವಿದ್ಯುತ್ ಕಚೇರಿಗೆ ತಿಳಿಸಿ. ಬಾರದಿದ್ದರೆ ಓಣಿಯೆಲ್ಲ ಸೇರಿ ಅವರ ಬಾಗಿಲಲ್ಲಿ ನಿಲ್ಲಿ. ಮೊದಲೇ ಹೇಳಿ ಬರಲಿ, ಲೈನು ಆರಿಸಿ ಕಡಿಯಲಿ, ಕಡಿದದ್ದನ್ನು ಒಯ್ಯಲಿ, ಬದಲಿಗೆ ಗಿಡ ನೆಡಲಿ. ಇದು ಭಿಕ್ಷೆಯಲ್ಲ, ನಮ್ಮ ಜೀವದ ಹಕ್ಕು.

ನಿಮ್ಮ ಮನೆಯಲ್ಲಿ ಯಾರಾದರೂ ಕೈ ಜುಮ್ಮೆನ್ನುತ್ತದೆ ಎಂದರೆ, ಮಾತ್ರೆ ಕೊಡುವ ಮೊದಲು ಒಂದು ಮಾತು ಕೇಳಿ: ಬಟ್ಟೆ ಎಲ್ಲಿ ಒಣಹಾಕುತ್ತೀಯ?