ಹೊರಗೆ ತೆರೆಯುವ ಬಾಗಿಲು

“ಈ ತೊಟ್ಟಿಲಾ ಮೊದಲ ಒಲಿಗೆ ಹಾಕ್ರಿ! ಕೂಸಿನ ಮೈ ನೋಡ್ರಿ ಇಲ್ಲೆ, ಹಣ್ಣ ಮೆಣಸಿನಕಾಯಿ ಆಗೇತಿ!”

ರಾಣೇಬೆನ್ನೂರಿನಿಂದ ಬಂದಿದ್ದ ಬೀಗತಿ ಉಡಚವ್ವ ಪಡಸಾಲೆಯ ನಡುವೆ ನಿಂತು ಕೂಗುತ್ತಿದ್ದಳು. ಅವಳ ತೋಳಿನಲ್ಲಿ ಹದಿಮೂರು ದಿನದ ಮೊಮ್ಮಗು ಉಸಿರು ಕಟ್ಟಿಕೊಂಡು ಅಳುತ್ತಿತ್ತು, ಅಳುವಿನ ನಡುನಡುವೆ ಸೀನುತ್ತಿತ್ತು. ಹೆಸರಿಡಲು ಕೂಡಿದ್ದ ಓಣಿಯ ಹೆಂಗಸರು ಗುಗ್ಗರಿಯ ತಟ್ಟೆ ಹಿಡಿದುಕೊಂಡೇ ಬಾಗಿಲ ಕಡೆ ಸರಿದು ನಿಂತಿದ್ದರು. ಹೋಗಲೂ ಮನಸ್ಸಿಲ್ಲ, ಇರಲೂ ಮುಖವಿಲ್ಲ.

“ಸ್ವಲ್ಪ ಸಮಾಧಾನ ತೊಗೋರಿ ಬೀಗತೆವ್ವಾ. ಸೆಕಿಗೆ ಹಂಗಾಗಿರ್ತೈತಿ,” ಎಂದ ಮನೆಯ ಯಜಮಾನ ಕರಬಸಪ್ಪ.

“ಸೆಕಿ? ನನ್ನ ಕೈ ಉರಿಯಾಕತ್ತಾವ್ರಿ! ತೊಟ್ಟಿಲ ಪಟ್ಟಿ ಹಿಡದು ತೂಗಿದೆ, ಅದ ಕೈಲೆ ಕಣ್ಣು ಒರಸ್ಕೊಂಡೆ, ಕಣ್ಣು ಬಿಡಾಕ ಬರವಲ್ದು. ಕಟಿಗಿಗೆ ಖಾರಪುಡಿ ಹಚ್ಚಿ ಕೊಟ್ಟೀರೇನು? ತವರಮನಿ ತೊಟ್ಟಿಲಂತ ತವರಮನಿ ತೊಟ್ಟಿಲು!”

ಎಲ್ಲರ ಕಣ್ಣೂ ಗೋಡೆಗೆ ಒರಗಿ ನಿಂತಿದ್ದ ರುದ್ರಮುನಿಯ ಕಡೆ ತಿರುಗಿದವು. ಕರಬಸಪ್ಪನ ತಮ್ಮ. ಐವತ್ತೊಂದು ವರ್ಷ, ಮದುವೆಯಿಲ್ಲ. ಅಣ್ಣನ ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲ ತೂಗಿಸುವುದು ಅವನ ಕೆಲಸ, ಕೈಗೆ ಸಿಕ್ಕ ಕಟ್ಟಿಗೆಯಲ್ಲಿ ಏನಾದರೂ ಮಾಡುವುದು ಅವನ ಹುಚ್ಚು. ತೊಟ್ಟಿಲು ಮಾಡಿದವನು ಅವನೇ.

“ಏ ರುದ್ರಾ, ಏನ್ ಕಟಿಗಿ ಹಾಕೀದಿಲೇ ಇದಕ್ಕ?” ಎಂದು ಕರಬಸಪ್ಪ ಹತ್ತು ಮಂದಿಗೆ ಕೇಳುವಂತೆ ಕೇಳಿದ.

ರುದ್ರಮುನಿ ಅಣ್ಣನ ಮುಖ ನೋಡಿದ. ಕಟ್ಟಿಗೆ ಕೊಟ್ಟವನೇ ಕಟ್ಟಿಗೆ ಯಾವುದೆಂದು ಕೇಳುತ್ತಿದ್ದಾನೆ.

“ಗೋದಾಮಿನ ಹಳೇ ಬಾಗಲಾ ಅಲ್ಲೇನ ಅಣ್ಣಾ. ನೀನ ಹೇಳಿದ್ದೆಲ್ಲಾ.”

“ನಾ? ನಾ ಯಾವಾಗ ಹೇಳೇನಿ? ಮೊಮ್ಮಗಳ ತೊಟ್ಟಿಲಕ್ಕ ಗೋದಾಮಿನ ಬಾಗಲಾ ಒಡದು ಹಾಕಂತ ಹೇಳಾಕ ನನಗೇನ ತಲಿ ಕೆಟ್ಟೈತಿ? ಹೊಸಾ ಸಾಗವಾನಿ ತಾ ಅಂದಿದ್ದೆ!”

ಅಡಿಗೆಮನೆಯ ಬಾಗಿಲಲ್ಲಿ ಅತ್ತಿಗೆ ಸುಶೀಲವ್ವ ನಿಂತಿದ್ದಳು. ಅಣ್ಣ ಹಳೇ ಬಾಗಿಲಿನ ಮಾತು ಹೇಳಿದ ದಿನ ಚಹಾ ಕೊಟ್ಟವಳು ಅವಳೇ. ರುದ್ರಮುನಿ ಅತ್ತ ನೋಡಿದ. ಅವಳು ಸೆರಗಿನ ತುದಿ ನೋಡಿಕೊಂಡಳು.

“ಕಾಕಾ ಬೇಕಂತ ಮಾಡ್ಯಾನೇನ ಅತ್ತಿ...” ಎಂದು ಕರಬಸಪ್ಪನ ಮಗಳು, ಬಾಣಂತಿ ಅಂಜಲಿ ಕೋಣೆಯಿಂದ ಅಳುತ್ತ ಅಂದಳು.

“ನೀ ಸುಮ್ನಿರವಾ. ನಾ ಕೇಳೂದು ಬ್ಯಾರೇನ ಐತಿ,” ಉಡಚವ್ವ ಕರಬಸಪ್ಪನ ಕಡೆ ತಿರುಗಿದಳು. “ಬ್ಯಾಡಗಿ ಕಾಯಿ ಬರೇ ಬಣ್ಣ, ಖಾರನ ಇಲ್ಲ, ನಮ್ಮ ಗೋದಾಮಿನ್ಯಾಗ ಬ್ಯಾರೆ ಕಾಯಿ ಕಾಲಿಡೂದಿಲ್ಲ ಅಂತ ಮದವಿ ಮಾತಿನ್ಯಾಗ ಎದಿ ತಟ್ಟಿ ಹೇಳಿದ್ರೆಲ್ಲ ಬೀಗ್ರ? ಮತ್ತ ಇಷ್ಟ ಉರಿ ಎಲ್ಲಿಂದ ಬಂತು?”

ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ಕರಬಸಪ್ಪನ ಮುಖ ಕಪ್ಪಿಟ್ಟಿತು. ಆಂಧ್ರದಿಂದ ಬಂದ ಉರಿಖಾರದ ಕಾಯಿ ಅವನ ಗೋದಾಮಿನಲ್ಲಿ ಎಷ್ಟು ವರ್ಷ ಮಲಗಿ ಎದ್ದು ಹೋಗಿದೆ ಎಂಬುದು ಮನೆಯವರಿಗಷ್ಟೇ ಗೊತ್ತಿದ್ದ ಮಾತು. ಅವನು ತಮ್ಮನ ಮೇಲೆ ಬಿದ್ದ.

“ಇವತ್ತಿಗೆ ನಿನ್ನ ಬಡಿಗತನ ಬಂದ್! ತಿಳೀತಿಲ್ಲ? ಐವತ್ತು ದಾಟೇತಿ, ಇನ್ನೂ ಆಟಗಿ ಮಾಡ್ಕೋತ ಕುಂತಾನ ಮುದುಕ!”

ರುದ್ರಮುನಿಗೆ ಪಡಸಾಲೆಯಿಂದ ಹೊರಗೆ ಹೋಗಬೇಕೆನಿಸಿತು. ಬಾಗಿಲ ತುಂಬ ಹೆಂಗಸರು. ಹಿಂದೆ ಗೋಡೆ. ಅಲ್ಲೇ ನಿಂತ.

ತಪ್ಪು ತನ್ನದೇ ಎಂದು ಅವನಿಗೆ ಅಷ್ಟರಲ್ಲಿ ತಿಳಿದಿತ್ತು. ಚೊಚ್ಚಲ ಬಾಣಂತನ ಮುಗಿಸಿ ಮಗಳು ಗಂಡನ ಮನೆಗೆ ಹೋಗುವಾಗ ತವರಿನ ತೊಟ್ಟಿಲು ಜೊತೆಗೆ ಹೋಗಬೇಕು. ಅಂಗಡಿಯ ತೊಟ್ಟಿಲು ಬೇಡ, ತಾನೇ ಮಾಡಿಕೊಡುತ್ತೇನೆ ಎಂದು ಹಟ ಹಿಡಿದಿದ್ದವನು ಅವನೇ. “ಹಂಗಾರ ಸಾಗವಾನಿ ತರೂದೇನ ಬ್ಯಾಡ, ಅಜ್ಜನ ಕಾಲದ ಬಾಗಲಾ ಬಿದ್ದೈತೆಲ್ಲಾ, ಅಂಥಾ ಕಟಿಗಿ ಈಗ ಎಲ್ಲಿ ಸಿಗತೈತಿ?” ಎಂದಿದ್ದ ಅಣ್ಣ. ಕಟ್ಟಿಗೆ ಖರೇನೇ ಚೆನ್ನಾಗಿತ್ತು. ಆದರೆ ಆ ಬಾಗಿಲಿನ ಮೈ ಸವರಿಕೊಂಡು ಅರವತ್ತು ಸುಗ್ಗಿಯ ಚೀಲಗಳು ಒಳಗೆ ಹೋಗಿ ಹೊರಗೆ ಬಂದಿದ್ದವು. ಒಂದೊಂದು ಚೀಲವೂ ಒಂದು ಚಿಟಿಕೆ ಖಾರ ಅದಕ್ಕೆ ಉಣಿಸಿ ಹೋಗಿತ್ತು.

ರಂದಾ ಹಿಡಿದು ಹಲಗೆ ಹೆರೆಯುವಾಗ ಅವನ ಕಣ್ಣಲ್ಲಿ ನೀರು ಬಂದಿತ್ತು, ಗಂಟಲು ಕೆರೆದಿತ್ತು. ಹೆರೆದ ಸುರುಳಿಗಳನ್ನು ಗುಡಿಸುವಾಗ ಕೆಮ್ಮು ಬಂದಿತ್ತು. ಬೇರೆ ಊರಿನವನಾಗಿದ್ದರೆ ಅಲ್ಲೇ ಕೈಬಿಡುತ್ತಿದ್ದ. ಆದರೆ ಸುಗ್ಗಿಯ ತಿಂಗಳಲ್ಲಿ ಬ್ಯಾಡಗಿಯಲ್ಲಿ ಯಾರಿಗೆ ಕೆಮ್ಮಿಲ್ಲ? ಹೊರಗಿನಿಂದ ಬಂದವರು ಬಸ್ಸಿನಿಂದ ಇಳಿಯುವ ಮೊದಲೇ ಮೂಗಿಗೆ ಬಟ್ಟೆ ಕಟ್ಟುತ್ತಾರೆ. ಊರಿನವರು ಅದನ್ನು ನೋಡಿ ನಗುತ್ತಾರೆ. ಬ್ಯಾಡಗಿಯವರ ಮೂಗು ಯಾವತ್ತೋ ಸತ್ತು ಹೋಗಿರುತ್ತದೆ, ಅದು ಅವರಿಗೆ ಗೊತ್ತಿರುವುದಿಲ್ಲ ಅಷ್ಟೆ.

ಇದರ ಮೇಲೆ ಇನ್ನೊಂದು. ಹಲ್ಲು ಬರುವ ಹೊತ್ತಿಗೆ ಕೂಸು ತೊಟ್ಟಿಲ ಪಟ್ಟಿ ಕಚ್ಚುತ್ತದೆ, ವಾರ್ನಿಷ್ ಹೊಟ್ಟೆಗೆ ಹೋಗಬಾರದು ಎಂದು ಅವನು ಅಗಸಿ ಎಣ್ಣೆ ಕಾಯಿಸಿ ಮೂರು ಸಲ ತಿಕ್ಕಿದ್ದ. ಮೆಣಸಿನಕಾಯಿಯ ಬಣ್ಣವೂ ಖಾರವೂ ಎಣ್ಣೆಗೆ ಇಳಿಯುತ್ತವೆ ಎಂದು ಆ ಊರಿನಲ್ಲಿ ಒಗ್ಗರಣೆ ಹಾಕುವ ಹುಡುಗಿಗೂ ಗೊತ್ತು. ಅವನಿಗೆ ಹೊಳೆಯಲಿಲ್ಲ. ಒಳಗಿದ್ದುದೆಲ್ಲ ಎಣ್ಣೆಯ ಜೊತೆ ಮೇಲೆ ಬಂತು. ತೊಟ್ಟಿಲು ನಸುಗೆಂಪಾಗಿ ಮಿಂಚಿತು. “ಎಂಥಾ ಬಣ್ಣ ಬಂದೈತಿ ನೋಡ್ರಿ!” ಎಂದು ಓಣಿಯವರೆಲ್ಲ ಮುಟ್ಟಿಮುಟ್ಟಿ ಹೊಗಳಿದರು. ಆ ಕೆಂಪು ಎಲ್ಲಿಂದ ಬಂತೆಂದು ಒಬ್ಬರೂ ಕೇಳಲಿಲ್ಲ.

ಹೆಸರಿಡುವಾಗ ಪದ್ಧತಿಯಂತೆ ಮೊದಲು ಗುಂಡಕಲ್ಲಿಗೆ ಕುಂಚಿಗೆ ಕಟ್ಟಿ ತೊಟ್ಟಿಲಲ್ಲಿ ಮಲಗಿಸಿ ಜೋಗುಳ ಹಾಡಿದರು. ಕಲ್ಲು ಸೀನಲಿಲ್ಲ. ಆಮೇಲೆ ಕೂಸನ್ನು ಮಲಗಿಸಿದರು.

ಹಾಲು, ಕೊಬ್ಬರಿ ಎಣ್ಣೆ ಹಚ್ಚಿ ತೊಳೆದ ಮೇಲೆ ಕೂಸಿನ ಉರಿ ಇಳಿಯಿತು. ಸಂಜೆ ನಾಲ್ಕರ ಹೊತ್ತಿಗೆ ಅದು ಮೊಲೆ ಕುಡಿದು ಮಲಗಿತು. ಉಡಚವ್ವ ಊಟ ಮಾಡದೆ ರಾಣೇಬೆನ್ನೂರಿಗೆ ಹೋದಳು. ತೊಟ್ಟಿಲನ್ನು ಎತ್ತಿ ಗೋದಾಮಿಗೆ ಒಗೆದರು.

ರುದ್ರಮುನಿ ಅಣ್ಣ ಒಬ್ಬನೇ ಇರುವ ಹೊತ್ತು ನೋಡಿ ಎದುರಿಗೆ ಕುಳಿತ.

“ಅಣ್ಣಾ, ತಪ್ಪು ನಂದ. ಎಣ್ಣಿ ಹಚ್ಚಬಾರದಿತ್ತು. ಆದ್ರ ಕಟಿಗಿ ನಾನ ಕೊಟ್ಟಿದ್ದೆ ಅಂತ ನೀ ಒಂದ ಮಾತು ಹೇಳಬೇಕಿತ್ತು.”

“ಯಾರ ಮುಂದ? ಬೀಗ್ರ ಮುಂದ? ಮೊಮ್ಮಗಳಿಗೆ ಹಳೇ ಬಾಗಲಾ ಕೊಟ್ಟ ಜಿಪುಣ ಅನಸ್ಕೊಳ್ಳಾ? ನನ್ನ ಮಾನ ಏನಾಗಬೇಕಲೇ?”

“ಮತ್ತ ನಂದು?”

ಕರಬಸಪ್ಪ ಅಡಿಕೆ ಕತ್ತರಿಸುತ್ತಿದ್ದ. ತಲೆ ಎತ್ತಲಿಲ್ಲ.

“ನಿನಗ್ಯಾವ ಮಾನ? ಹೇಂತಿ ಇಲ್ಲ, ಮಕ್ಕಳಿಲ್ಲ. ನಿನಗೇನ ಬೀಗ್ರು ಬರೂವ್ರದಾರೇನು? ನಾಕ ಮಂದಿ ನಾಕ ದಿನಾ ಅಂತಾರ, ಬಿಡ್ತಾರ. ನಡೀತೈತಿ ನಿನಗ.” ಕೈ ಚಾಚಿದ. “ಗೋದಾಮಿನ ಕೀಲಿಕೈ ತಾ ಇಲ್ಲೆ. ಆ ಗರಗಸ ಪರಗಸ ಎಲ್ಲಾ ಮುಂದಿನ ವಾರ ಹಳೇ ಕಬ್ಬಣ ಕೊಳ್ಳೋ ಮೋಡಕಾದವಗ ಹಾಕಿ ಬಿಡ್ತೇನಿ. ಆ ಮೂಲಿಗೆ ಇಪ್ಪತ್ತು ಚೀಲ ಹಿಡೀತಾವು.”

ಆ ಮೂಲೆ ಎಂದರೆ ಗೋದಾಮಿನೊಳಗೆ ನಾಲ್ಕು ಹೆಜ್ಜೆ ಅಗಲದ ಜಾಗ. ಏಳನೇ ಇಯತ್ತೆ ಬಿಡಿಸಿ ಅಪ್ಪ ಅಂಗಡಿಯಲ್ಲಿ ಕೂರಿಸಿದ ಮೇಲೆ ರುದ್ರಮುನಿಗೆ ತನ್ನದು ಎಂದು ಇದ್ದದ್ದು ಅದೊಂದೇ. ಮಲಗುವುದು ಪಡಸಾಲೆಯಲ್ಲಿ, ಉಣ್ಣುವುದು ಎಲ್ಲರೂ ಉಂಡ ಮೇಲೆ. “ರುದ್ರಾ, ಮಣಿ ಕಾಲ ಮುರದೈತಿ”, “ರುದ್ರಾ, ಕಪಾಟ ಹಾಕ್ಕೊಳ್ಳವಲ್ದು”, “ರುದ್ರಾ, ಹಮಾಲರು ಬಂದಾರ” ಎಂದು ಇಡೀ ದಿನ ಅವನ ಹೆಸರು ಕೂಗುವವರೇ. ಸಂಜೆ ಎರಡು ತಾಸು ಆ ಮೂಲೆಯಲ್ಲಿ ಉಳಿ ಹಿಡಿದಾಗ ಮಾತ್ರ ಯಾರೂ ಕರೆಯುತ್ತಿರಲಿಲ್ಲ. ಪ್ರತಿ ಸುಗ್ಗಿಗೂ ಚೀಲಗಳು ಒಂದು ಮೊಳ ಮುಂದೆ ಬರುತ್ತಿದ್ದವು. ಮೊದಲು ಅಡ್ಡಾದಿಡ್ಡಿ ತಿರುಗಾಡಿ ಕೆಲಸ ಮಾಡುತ್ತಿದ್ದವನು ಆಮೇಲೆ ನಿಂತು ಮಾಡಿದ, ಈಗ ಮೊಳಕಾಲು ಮಡಚಿ ಕುಳಿತು ಮಾಡುತ್ತಿದ್ದ.

ಇನ್ನೊಂದು ಗುಟ್ಟೂ ಇತ್ತು. ಶನಿವಾರ ಕದರಮಂಡಲಗಿಯ ಹನುಮಪ್ಪನ ಗುಡಿಗೆ ಎಂದು ಮನೆಯಲ್ಲಿ ಹೇಳಿ ಅವನು ಹಾವೇರಿಯ ಬಸ್ಸು ಹತ್ತುತ್ತಿದ್ದ. ಅಲ್ಲಿ ಮೈಲಾರೆಪ್ಪ ಮಾಸ್ತರರು ತಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಹವ್ಯಾಸಕ್ಕೆಂದು ಬರುವವರಿಗೆ ಬಡಿಗತನ ಕಲಿಸುತ್ತಿದ್ದರು. ಬ್ಯಾಂಕಿನವನೊಬ್ಬ, ನರ್ಸಮ್ಮ ಒಬ್ಬಳು, ಅಗಡಿ ಹಳ್ಳಿಯಿಂದ ಸೈಕಲ್ ಮೇಲೆ ಬರುವ ರೈತನೊಬ್ಬ. ಮಾಸ್ತರರ ಕಣ್ಣು ಮಂಜಾಗುತ್ತಿತ್ತು. “ನೀ ಬಂದು ಇಲ್ಲೇ ಇರಪಾ ರುದ್ರಮುನಿ. ಮ್ಯಾಲ ಒಂದ ಖೋಲಿ ಐತಿ. ಕಲಸಾಕ ನಿನ್ನಂಥ ಕೈ ಬೇಕು,” ಎಂದು ಒಂದು ವರ್ಷದಿಂದ ಹೇಳುತ್ತಿದ್ದರು. ಅಣ್ಣ ಏನಂದಾನು ಎಂದು ಒಂದು ವರ್ಷದಿಂದ ಅವನು ತಲೆ ಕೆರೆದುಕೊಳ್ಳುತ್ತಿದ್ದ.

ಕೀಲಿಕೈ ತೆಗೆದು ಅಣ್ಣನ ಕೈಯಲ್ಲಿ ಇಟ್ಟ. ಕರಬಸಪ್ಪ ಅದನ್ನು ಉಡದಾರಕ್ಕೆ ಕಟ್ಟಿಕೊಂಡ.

ಮರುದಿನ ಗುರುವಾರ, ಮಾರುಕಟ್ಟೆಯಲ್ಲಿ ಟೆಂಡರ್. ಕರಬಸಪ್ಪ ಎಂಟಕ್ಕೇ ಹೋದ. “ಹತ್ತಕ್ಕ ಬಾ, ತೂಕ ಐತಿ,” ಎಂದು ತಮ್ಮನಿಗೆ ಕೂಗಿ ಹೇಳಿದ. ನಿನ್ನೆ ಏನೂ ಆಗಿಲ್ಲವೇನೋ ಎಂಬ ಹಾಗೆ.

ರುದ್ರಮುನಿ ಹಿತ್ತಲಿಗೆ ಹೋಗಿ ಗೋದಾಮಿನ ಬಾಗಿಲ ಮುಂದೆ ನಿಂತ. ಅಂಗೈಯಷ್ಟು ದೊಡ್ಡ ಕೀಲಿ ಜಡಿದಿತ್ತು. ಆ ಬಾಗಿಲು ಅವನೇ ಮಾಡಿದ್ದು. ಹಳೆಯ ಬಾಗಿಲು ಒಳಗೆ ತೆರೆಯುತ್ತಿತ್ತು, ಚೀಲ ಇಡಲು ಅಡ್ಡವಾಗುತ್ತದೆ ಎಂದು ಅಣ್ಣ ಅದನ್ನು ಕೀಳಿಸಿ, ಹೊರಗೆ ತೆರೆಯುವ ಬಾಗಿಲು ಬೇಕೆಂದಿದ್ದ. “ಹಂಗ ಮಾಡಿದ್ರ ಬಿಜಾಗರಿ ಪಟ್ಟಿ, ಸ್ಕ್ರೂ ಎಲ್ಲಾ ಹೊರಗ ಉಳೀತಾವಣ್ಣಾ. ಕೀಲಿ ಮುಟ್ಟದ ಬಾಗಲಾ ಬಿಚ್ಚಬಹುದು,” ಎಂದು ರುದ್ರಮುನಿ ಆಗ ಹೇಳಿದ್ದ. “ನಮ್ಮ ಹಿತ್ತಲಕ್ಕ ಬಂದು ಯಾವಾಂವ ಬಿಚ್ಚತಾನ? ಒಳಗ ಹತ್ತ ಚೀಲ ಹೆಚ್ಚಿಗಿ ಹಿಡೀತಾವು, ಅದ ನೋಡು,” ಎಂದಿದ್ದ ಅಣ್ಣ.

ಬಿಚ್ಚಲು ಬೇಕಾದ ಸಾಮಾನೆಲ್ಲ ಒಳಗೇ ಇತ್ತು. ಸುತ್ತ ನೋಡಿದ. ಹಿಂದೆ ಬಳೆಯ ಸದ್ದಾಯಿತು.

ಸುಶೀಲವ್ವ ನಿಂತಿದ್ದಳು. ಕೈಯಲ್ಲಿ ಸ್ಕ್ರೂಡ್ರೈವರ್. ಮಿಕ್ಸರ್ ಸಡಿಲಾದಾಗ ಬಿಗಿ ಮಾಡಿಕೊಳ್ಳಲೆಂದು ಅವನೇ ಶಿವಣಿ ಕಟ್ಟಿಗೆಯ ಹಿಡಿಕೆ ಹಾಕಿ ಅವಳಿಗೆ ಕೊಟ್ಟದ್ದು.

“ನಿನ್ನೆ ನನಗ ಬಾಯಿ ಬರಲಿಲ್ಲ,” ಎಂದಳು.

“ಇರಲಿ ಬಿಡ್ರಿ ವೈನಿ.”

“ಹೆಂಗ ಇರಲಿ? ಮೂವತ್ತ ವರ್ಷ ಆತು ನಂದೂ ಇದ ಹಾಡು.” ಸ್ಕ್ರೂಡ್ರೈವರ್ ಅವನ ಕೈಯಲ್ಲಿಟ್ಟು ಹಿತ್ತಲ ಬಾಗಿಲಿಗೆ ಹೋಗಿ, ಓಣಿಯ ಕಡೆ ಮುಖ ಮಾಡಿ ಅಕ್ಕಿ ಆರಿಸಲು ಕುಳಿತಳು.

ಮೂರು ಬಿಜಾಗರಿ, ಒಂದೊಂದಕ್ಕೆ ಆರು ಸ್ಕ್ರೂ. ಬಾಗಿಲನ್ನು ಹೆಗಲಿಗೆ ಆನಿಸಿಕೊಂಡು ಒಂದು ಬದಿ ಸರಿಸಿದ. ಕೀಲಿ ಇನ್ನೊಂದು ಬದಿಯಲ್ಲಿ ಹಾಗೇ ನೇತಾಡಿತು. ಒಳಗೆ ಕಾಲಿಟ್ಟವನಿಗೆ ಫಕ್ಕನೆ ಸೀನು ಬಂತು. ಮತ್ತೊಂದು. ಮೂರು. ನಲವತ್ತು ವರ್ಷ ಒಳಗೆ ಹೊರಗೆ ಮಾಡಿದ ಜಾಗದಲ್ಲಿ ಅವನು ಸೀನಿದ್ದು ಅದೇ ಮೊದಲು. ಮೂಗು ಒರೆಸಿಕೊಂಡು ತನ್ನ ಮೂಲೆಗೆ ಹೋದ.

ರಂದಾ, ಗರಗಸ, ನಾಲ್ಕು ಉಳಿ, ಕೊಡತಿ. ಖಾಲಿ ಗೋಣಿಚೀಲವೊಂದನ್ನು ಕೊಡವಿ ಅದರಲ್ಲಿ ತುಂಬಿದ. ತೊಟ್ಟಿಲು ಚೀಲಗಳ ಮೇಲೆ ಮಗುಚಿ ಬಿದ್ದಿತ್ತು. ಅದನ್ನು ನೆಟ್ಟಗೆ ಮಾಡಿ ಇಟ್ಟ. ಒಂದು ಮೊಳೆ ಬಡಿಯದೆ ಕಟ್ಟಿಗೆಗೆ ಕಟ್ಟಿಗೆ ಕೂಡಿಸಿ ಮಾಡಿದ್ದು. ಎತ್ತಿ ಒಗೆದರೂ ಒಂದು ಸಂದು ಬಿಟ್ಟಿರಲಿಲ್ಲ. ಅಷ್ಟು ನೋಡಿ ಹೊರಗೆ ಬಂದ.

ಬಾಗಿಲನ್ನು ಮತ್ತೆ ಹಾಗೇ ಕೂರಿಸಿ ಹದಿನೆಂಟು ಸ್ಕ್ರೂಗಳನ್ನೂ ಬಿಗಿದ. ಬಿಗಿಯದಿದ್ದರೂ ನಡೆಯುತ್ತಿತ್ತು. ಆದರೆ ಸಡಿಲು ಬಾಗಿಲು ಬಿಟ್ಟು ಹೋಗುವುದು ಅವನ ಕೈಗೆ ಆಗದ ಮಾತು.

ಸ್ಕ್ರೂಡ್ರೈವರನ್ನು ಅತ್ತಿಗೆಗೆ ಕೊಟ್ಟ.

“ಕದರಮಂಡಲಗಿಗೆ ಹೋಗಿ ಬರ್ತೇನ್ರಿ ವೈನಿ.”

ಸುಶೀಲವ್ವ ಅವನ ಹೆಗಲ ಮೇಲಿನ ಚೀಲ ನೋಡಿದಳು. ಗರಗಸದ ಹಿಡಿಕೆ ಹೊರಗೆ ಇಣುಕಿತ್ತು.

“ಇವತ್ತ ಶನಿವಾರ ಅಲ್ಲಲ್ಲೋ ರುದ್ರಾ.”

“ಹನುಮಪ್ಪ ದಿನಾ ಇರ್ತಾನ್ರಿ.”

“ಇರ್ತಾನ, ಇರ್ತಾನ. ಹಾವೇರಿಯಾಗೂ ಇರ್ತಾನ.” ಮೊರ ಕೆಳಗಿಟ್ಟು ಸೆರಗಿನಿಂದ ಬಾಯಿ ಒರೆಸಿಕೊಂಡಳು. “ನನ್ನ ಹೆಸರಿಲೆ ಒಂದ ಕಾಯಿ ಒಡಸು.”

ಅವನು ಹೂಂ ಎಂದು ಓಣಿಗೆ ಇಳಿದ. ಮೂಲೆ ತಿರುಗುವವರೆಗೂ ಹಿಂದೆ ಯಾರಾದರೂ “ಏ ರುದ್ರಾ” ಎಂದು ಕೂಗಿಯಾರು ಎಂದು ಬೆನ್ನು ಬಿಗಿಹಿಡಿದುಕೊಂಡೇ ನಡೆದ. ಯಾರೂ ಕೂಗಲಿಲ್ಲ.

ಹತ್ತಕ್ಕೆ ತೂಕಕ್ಕೆ ತಮ್ಮ ಬರಲಿಲ್ಲವೆಂದು ಕರಬಸಪ್ಪ ಮಾರುಕಟ್ಟೆಯಿಂದ ನಾಲ್ಕು ಸಲ ಫೋನ್ ಮಾಡಿದ. ಮಧ್ಯಾಹ್ನ ಮನೆಗೆ ಬಂದವನು ಮೊದಲು ಹಿತ್ತಲಿಗೆ ಹೋಗಿ ಗೋದಾಮಿನ ಕೀಲಿ ಜಗ್ಗಿ ನೋಡಿದ. ಗಟ್ಟಿಯಾಗಿತ್ತು. “ಎಲ್ಲಿ ಹೋಗತಾನ, ಹೊಟ್ಟಿ ಹಸದ್ರ ಬರ್ತಾನ,” ಎಂದು ಸಮಾಧಾನದಿಂದ ಕೈಕಾಲು ತೊಳೆದ.

ಸಂಜೆ ಸುಶೀಲವ್ವ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದಳು. ದಿನಕ್ಕಿಂತ ಮೂರು ಕಡಿಮೆ. ಮರುದಿನವೂ ಅಷ್ಟೇ ಬಡಿದಳು, ಆಮೇಲೂ ಅಷ್ಟೇ.