ಜೇಬಿನಲ್ಲಿ ಬೀಡಿ ಕಟ್ಟು

ಉಗ್ರಪ್ಪ ತನ್ನ ಅಣ್ಣನ ಹೆಣದ ಅಂಗಿಜೇಬಿಗೆ ಬೀಡಿ ಕಟ್ಟು ತುರುಕುತ್ತಿದ್ದಾಗ ನಾಗಲಕ್ಷ್ಮಮ್ಮ ಅವನ ಕೈ ಹಿಡಿದಳು. ಹಿಡಿದಳೇ ಹೊರತು ತೆಗೆ ಎನ್ನಲೂ ಆಗಲಿಲ್ಲ, ಇರಲಿ ಎನ್ನಲೂ ಆಗಲಿಲ್ಲ.

ಕದಿರೇನಹಳ್ಳಿಯ ಆ ಗಲ್ಲಿಯಲ್ಲಿ, ಮನೆ ಮುಂದಿನ ಬೆಂಚಿನ ಮೇಲೆ ಅವಳ ಗಂಡ ಸಂಜೀವಯ್ಯನನ್ನು ಮಲಗಿಸಿದ್ದರು. ಸತ್ತವರಿಗೆ ಇಷ್ಟವಾದದ್ದನ್ನು ಜೊತೆಯಲ್ಲೇ ಮಣ್ಣಿಗೆ ಕಳಿಸುವುದು ಅವರ ಕಡೆಯ ಪದ್ಧತಿ. ಅತ್ತೆಗೆ ಎಲೆಅಡಿಕೆ ಇಟ್ಟಿದ್ದರು, ಮಾವನಿಗೆ ನಶ್ಯದ ಡಬ್ಬಿ. ಉಗ್ರಪ್ಪ ಇಂಥ ವಿಷಯದಲ್ಲಿ ಬಹಳ ಶಿಸ್ತಿನ ಮನುಷ್ಯ. ಅಣ್ಣ ಬದುಕಿದ್ದಾಗ ಹಬ್ಬಕ್ಕೂ ಬಾರದವನು ಇವತ್ತು ಎಲ್ಲರಿಗಿಂತ ಮೊದಲು ಬಂದಿದ್ದ.

“ಅವ್ರು ಸೇದ್ತಾ ಇರ್ಲಿಲ್ಲ ಉಗ್ರಪ್ಪ,” ಎಂದಳು.

“ಅತ್ತಿಗೆ, ಡಾಕ್ಟ್ರು ಹೇಳಿದ್ದನ್ನ ನಾನೂ ಕೇಳಿಸ್ಕೊಂಡಿದೀನಿ. ಅಣ್ಣ ನಿಮ್ಮ ಮುಂದೆ ಸೇದಿಲ್ಲ, ಅಷ್ಟೇ. ಇನ್ನಾದ್ರೂ ಕದ್ದು ಸೇದೋದು ತಪ್ಲಿ ಬಿಡಿ.”

ಸುತ್ತಲಿದ್ದವರು ಹೌದೌದು ಎಂದು ತಲೆಯಾಡಿಸಿದರು. ಮಗ ದೇವರಾಜ್, ಅಮ್ಮ ಹೂಂ ಅಂದರೆ ಇಡೋಣ, ಬೇಡ ಅಂದರೆ ತೆಗೆಯೋಣ ಎಂದ. ಅವಳಿಗೆ ಗೊತ್ತಿದ್ದರೆ ತಾನೇ ಹೇಳುವುದು.

*

ಆಸ್ಪತ್ರೆಯಲ್ಲಿ ಸಂಜೀವಯ್ಯನ ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದ ಡಾಕ್ಟರು, ದಿನಕ್ಕೆ ಎಷ್ಟು ಬೀಡಿ ಸೇದುತ್ತಾರೆ ಎಂದು ಕೇಳಿದ್ದರು. ಸೇದುತ್ತಾರಾ ಎಂದಲ್ಲ, ಎಷ್ಟು ಎಂದು. ಒಂದೂ ಇಲ್ಲ ಎಂದು ಅವಳು ಹೇಳಿದಾಗ, ಇಂಥದ್ದೆಲ್ಲ ಮನೆಯವರಿಗೆ ತಿಳಿಯುವುದೇ ಇಲ್ಲ ಬಿಡಿ ಎಂದು ನಕ್ಕಿದ್ದರು. ಮಾಸ್ಕ್ ಹಾಕಿಸಿಕೊಂಡು ಮಲಗಿದ್ದ ಸಂಜೀವಯ್ಯ ಇಲ್ಲ ಎಂಬಂತೆ ಕೈಯಾಡಿಸಿದ. ಆಮೇಲೆ ಅವನಿಗೆ ಮಾತೇ ಬರಲಿಲ್ಲ.

ಅಂದಿನಿಂದ ಅವಳ ತಲೆಯಲ್ಲಿ ಗಂಡನ ಟವೆಲ್ಲು ಕೂತುಬಿಟ್ಟಿತ್ತು. ಅವನು ಸಾರಕ್ಕಿ ಸಿಗ್ನಲ್ಲಿನಲ್ಲಿ, ಫುಟ್‌ಪಾತಿನ ಅಂಚಿಗೆ ಮಣೆ ಹಾಕಿಕೊಂಡು ಬೀಗದ ಕೈ ಮಾಡಿಕೊಡುತ್ತಿದ್ದ. ಸಂಜೆ ಮನೆಗೆ ಬರುವಾಗ ಹೆಗಲ ಮೇಲೆ ಒದ್ದೆ ಟವೆಲ್ಲು. ಕುಡಿದ ಲೋಟ ಎತ್ತಿಡದ ಮನುಷ್ಯ ಟವೆಲ್ಲನ್ನು ಮಾತ್ರ ತಾನೇ ಒಗೆದು ಹಿಂಡಿಕೊಂಡು ಬರುತ್ತಿದ್ದ. ನಾನಿಲ್ಲವೇ ಒಗೆಯಲಿಕ್ಕೆ ಎಂದರೆ, ನಿನಗ್ಯಾಕೆ ಕಷ್ಟ ಎನ್ನುತ್ತಿದ್ದ. ಅದನ್ನೇ ಅವಳು ಪ್ರೀತಿ ಎಂದುಕೊಂಡು ಅಕ್ಕಪಕ್ಕದವರ ಹತ್ತಿರ ಹೇಳಿ ಮೆರೆದದ್ದೂ ಉಂಟು.

ಈಗ ನೋಡಿದರೆ ಬೀಡಿ ವಾಸನೆ ತೊಳೆಯುವುದಕ್ಕೇ ಇರಬೇಕು ಅನ್ನಿಸುತ್ತಿತ್ತು. ಸೇದಿದ್ದಕ್ಕೆ ಅವಳಿಗೆ ಸಿಟ್ಟಿರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿ ತನಗೇ ಸುಳ್ಳು ಹೇಳಿದನಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಹೇಳಿರಲಿಕ್ಕಿಲ್ಲ ಎಂದು ಮರುಕ್ಷಣವೇ ಅನ್ನಿಸುತ್ತಿತ್ತು. ಗಂಡ ಸತ್ತಾಗ ಅಳಬೇಕೋ ಬಯ್ಯಬೇಕೋ ತಿಳಿಯದೆ ಅವಳು ಎರಡನ್ನೂ ಮಾಡಿರಲಿಲ್ಲ.

*

ಬೀಡಿ ಜೇಬಿನಲ್ಲೇ ಉಳಿಯಿತು. ಅವರ ಹಿರಿಯರನ್ನೆಲ್ಲ ಮಣ್ಣು ಮಾಡಿದ್ದು ತಲಘಟ್ಟಪುರದ ಆಚೆ. ಹೆಂಗಸರೂ ಹೋಗುವ ವಾಡಿಕೆ ಇದ್ದುದರಿಂದ ನಾಗಲಕ್ಷ್ಮಮ್ಮ ತೆರೆದ ಟೆಂಪೋದಲ್ಲಿ ಗಂಡನ ತಲೆಯ ಹತ್ತಿರ ಕೂತಳು. ಟೆಂಪೋ ಕನಕಪುರ ರಸ್ತೆಗೆ ಬಂದು ಸಾರಕ್ಕಿ ಸಿಗ್ನಲ್ಲಿನಲ್ಲಿ ನಿಂತಿತು. ಮುಂದೆ ಬಸ್ಸು, ಪಕ್ಕಕ್ಕೆ ನೀರಿನ ಟ್ಯಾಂಕರು, ಸಂದಿಯಲ್ಲೆಲ್ಲ ಸ್ಕೂಟರುಗಳು. ಹೆಣದ ಗಾಡಿ ಎಂದು ಯಾರಾದರೂ ಜಾಗ ಬಿಡೋಣವೆಂದರೂ ಬಿಡಲು ಜಾಗವಿರಲಿಲ್ಲ.

ಸಂಜೀವಯ್ಯನ ಮಣೆಯ ಪಕ್ಕದಲ್ಲೇ ಹೂ ಮಾರುವ ಕಲ್ಯಾಣಿ ಸೇವಂತಿಗೆ ಹಾರ ಹಿಡಿದುಕೊಂಡು ಓಡಿ ಬಂದಳು. ಹಾರ ಹಾಕಿಸಿದ ಮೇಲೆ ನಾಗಲಕ್ಷ್ಮಮ್ಮ ಅವಳ ಕಡೆ ಬಗ್ಗಿದಳು.

“ಸತ್ಯವಾಗಿ ಹೇಳು ಕಲ್ಯಾಣಿ. ಇವ್ರು ಬೀಡಿ ಸೇದ್ತಿದ್ರಾ?”

ಕಲ್ಯಾಣಿ ಗಲಿಬಿಲಿಗೊಂಡಳು. “ಅಣ್ಣಾನಾ? ಬೀಡಿ ಹಚ್ಕೊಂಡು ಬಂದ ಗಿರಾಕಿಗೆ ಆರಿಸಿ ಬಾ ಅಂತಿದ್ರಲ್ಲಕ್ಕ.”

ಅಷ್ಟರಲ್ಲಿ ಬಸ್ಸು ಗುರ್ ಎಂದು ಹೊಗೆ ಕಾರಿತು. ಕಲ್ಯಾಣಿ ಕೆಮ್ಮುತ್ತಾ ಸೆರಗಿನಿಂದ ಕಣ್ಣು, ಮೂಗು ಒರೆಸಿಕೊಂಡಳು. ಒರೆಸಿದ ಕಡೆ ಸೆರಗು ಕಾಡಿಗೆ ಬಳಿದಂತೆ ಕಪ್ಪಾಯಿತು. ಇದೇನು ಎಂದು ನಾಗಲಕ್ಷ್ಮಮ್ಮ ಕೇಳಿದಳು.

“ಇದಾ? ಸೈಲೆನ್ಸರ್ ಮಟ್ಟಕ್ಕೆ ಕೂತ್ಕೊಂಡ್ರೆ ದಿನಾ ಇದೇ ಅಕ್ಕ. ಅಣ್ಣನ ಟವೆಲ್ಲು ಇನ್ನೂ ಕಪ್ಪಾಗೋದು. ಕೆಮ್ಮಿದ್ರೂ ಕಪ್ಪಗೇ ಬರೋದು. ನೀವು ನೋಡಿದ್ರೆ ಕೆಲ್ಸಕ್ಕೇ ಕಳ್ಸಲ್ಲ ಅಂತ, ಅಲ್ಲಿ ನಲ್ಲಿ ಹತ್ರ ಒಗ್ಕೊಂಡೇ ಮನೆಗೆ ಬರ್ತಿದ್ರು.”

ಹಾಗಾದರೆ ಮುಚ್ಚಿಟ್ಟದ್ದು ನಿಜ. ನಾಗಲಕ್ಷ್ಮಮ್ಮನಿಗೆ ಸಮಾಧಾನವೂ ಆಯಿತು, ತಡೆಯಲಾರದಷ್ಟು ಸಂಕಟವೂ ಆಯಿತು. ಕಣ್ಣೀರು ಈಗ ಬಂತು. ಅವಳು ಗಂಡನ ಜೇಬಿಗೆ ಕೈ ಹಾಕಿ ಬೀಡಿ ಕಟ್ಟನ್ನು ತೆಗೆದು ಎದುರಿಗೆ ಕೂತಿದ್ದ ಉಗ್ರಪ್ಪನಿಗೆ ಕೊಟ್ಟಳು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಕೈಯಲ್ಲೇ ಹಿಡಿದುಕೊಂಡ.

ಸಿಗ್ನಲ್ ಬಿಟ್ಟಿತು. ಬಸ್ಸು ಹೊರಟ ರಭಸಕ್ಕೆ ಕಪ್ಪು ಹೊಗೆ ಟೆಂಪೋದ ಮೇಲೆಲ್ಲ ಕವಿಯಿತು. ಎಲ್ಲರೂ ಮೂಗು ಮುಚ್ಚಿಕೊಂಡರು. ನಾಗಲಕ್ಷ್ಮಮ್ಮ ತನ್ನ ಸೆರಗನ್ನು ಮಡಿಚಿ ಗಂಡನ ಮೂಗಿನ ಮೇಲೆ ಒತ್ತಿ ಹಿಡಿದಳು.